ಕಿವಿ ಮಂದ ಮಾಡಿಕೊಳ್ಳುವ ಕ್ರಮ (ಮನೆ ಮಗ್ಗದವರಿಗಾಗಿ)

ಬೇಕಾಗುವ ಸಾಮಗ್ರಿ: ಪತ್ರಾಸ್ ಹೊದಿಸಿದ ಕೋಣೆ, ಲಾಳಿ ಓಡುವ ನಾಲ್ಕು ಪಾವರ್‌ಲೂಮ್, ಗಟ್ಟಿ ಕಿವಿ ಒಂದು ಜೊತೆ. ಮಗ್ಗ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಸಿಗುತ್ತವೆ. ಕಿವಿ ಗಲಗಲಿಯದಾದರೂ ಸರಿ, ಜಮಖಂಡಿಯದಾದರೂ ಸರಿ, ಹರೆಯದ್ದಾದರೆ ಸಾಕು.

1. ಮಗ್ಗ ಚಾಲೂ ಮಾಡಿ. ಬಾಜೂಕ ನಿಂತವನ ಜೊತೆ ಸನ್ನೆಯಲ್ಲೇ ಮಾತಾಡಬೇಕಾಗಿ ಬಂದರೆ ಸದ್ದು ಹದಕ್ಕೆ ಬಂದಿದೆ. ಇಂಥ ಕೋಣೆಗಳಲ್ಲಿ ಅದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತದೆ.

2. ನಮ್ಮ ಕಾರ್ಖಾನೆ ನಿಯಮದ ಪ್ರಕಾರ 90 ಡೆಸಿಬಲ್‌ನಲ್ಲಿ 8 ತಾಸು, 95ರಲ್ಲಿ 4, 100ರಲ್ಲಿ 2 ತಾಸಷ್ಟೇ ಇರಬಹುದು. ಹತ್ತು ಜನರೂ ಇಲ್ಲದ ಮನೆ ಮಗ್ಗವನ್ನು ಯಾರೂ ಕಾರ್ಖಾನೆ ಅನ್ನುವುದಿಲ್ಲ. ನೀವು 12 ತಾಸು ನಡೆಸಿ.

3. ರಾತ್ರಿ ಕಿವಿಯೊಳಗೆ ‘ಗುಂಯ್’ ಅನ್ನುತ್ತದೆ, ಮುಂಜಾನೆ ನಿಲ್ಲುತ್ತದೆ. ನಿಂತಿತಲ್ಲ, ಇನ್ನೇನು? ಒಳಗಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ಕೇಳಿಸಲಿಲ್ಲ ಅನ್ನಿ. ರೂಢಿಯಾಗಲಿ.

4. ಕಿವಿಗೆ ಅರಳೆ ತುರುಕಿ. ಸಮಾಧಾನ ಹೆಚ್ಚು, ರಕ್ಷಣೆ ಕಡಿಮೆ. ಫೋಮಿನ ಪ್ಲಗ್ ಮಾತ್ರ ಮುಟ್ಟಬೇಡಿ. ಅದನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವ ತನಕ ಒತ್ತಿ ಹಿಡಿದರೆ ಇಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ.

5. ಮನೆಯಲ್ಲಿ ಪರೀಕ್ಷಿಸಿ. ಮೊದಲು ಹೋಗುವುದು ಕೀರಲು ಸದ್ದು, ಅದರ ಜೊತೆಗೆ ‘ಸ’, ‘ಶ’, ‘ತ’ದಂಥ ತೆಳು ವ್ಯಂಜನ.
“ಮಾವಾರ, ತುಪ್ಪ ಹಾಕ್ಲೇನ್ರಿ?”
“ಬ್ಯಾಡವ್ವಾ, ಪಲ್ಯಾನ ಉಪ್ಪಾಗೇತಿ.”
ಸೊಸೆ ನಕ್ಕರೆ ಕೆಲಸ ಅರ್ಧ ಆಯಿತು.

6. ಇದು ಬಹಳ ಮುಖ್ಯ: ತಪಾಸಣೆಗೆ ಈಗಲೇ ಹೋಗಬೇಡಿ. ಮಗ್ಗದ ಪೆಟ್ಟು ಆಡಿಯೋಗ್ರಾಮಿನಲ್ಲಿ, ಅಂದರೆ ಕಿವಿ ತಪಾಸಣೆಯ ಗೆರೆಚಿತ್ರದಲ್ಲಿ, 4000 ಹರ್ಟ್ಸ್ ಹತ್ತಿರ ಕುಣಿ ತೋಡಿರುತ್ತದೆ. 8000ಕ್ಕೆ ಗೆರೆ ಮತ್ತೆ ಮೇಲೇಳುತ್ತದೆ. ವಯಸ್ಸಿನ ಪೆಟ್ಟಿನಲ್ಲಿ ಗೆರೆ ಇಳಿದದ್ದು ಇಳಿದೇ ಹೋಗುತ್ತದೆ. ಅರವತ್ತು ದಾಟುವವರೆಗೆ ತಡೆದರೆ ಆ ಇಳಿಜಾರಿನಲ್ಲಿ ಕುಣಿ ಮುಚ್ಚಿಹೋಗುತ್ತದೆ. ಆಮೇಲೆ “ವಯಸ್ಸಾತು” ಅಂದರೆ ಊರೇ ಒಪ್ಪುತ್ತದೆ, ಮಗ್ಗ ನಿರ್ದೋಷಿ. 1948ರ ಕಾರ್ಖಾನೆ ಕಾಯ್ದೆ ಸದ್ದಿನ ಕಿವುಡನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ನಿಮ್ಮದು ಬರೇ ಮುಪ್ಪು. ಅದಕ್ಕೆ ವರದಿಯೂ ಬೇಡ, ಪರಿಹಾರವೂ ಬೇಡ.

ಬಿಡಿಭಾಗ: ಲಾಳಿ, ಪಿಕರ್, ಮೋಟರ್ ಪ್ಯಾಟಿಯಲ್ಲಿ ಸಿಗುತ್ತವೆ. ಕೂದಲು ಕೋಶ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಸಿಗುವುದಿಲ್ಲ. ಅಲ್ಲಿ ತಪಾಸಣೆ ಉಂಟು, ಕಿವಿ ಯಂತ್ರ ಉಂಟು. ಮೂವತ್ತರ ವಯಸ್ಸಿನೊಳಗೇ ಕಿವಿ ತಪಾಸಣೆಗೆ ಹೋಗಿ ಬಂದವರಿಗೆ ಈ ಕೈಪಿಡಿ ಕೆಲಸ ಮಾಡದಿದ್ದರೆ ನಾವು ಜವಾಬ್ದಾರರಲ್ಲ.