ವಕ್ಷೋಬಿಂಬಮೀಮಾಂಸೆ: ಪ್ರಥಮಾಧಿಕರಣ

ಅಥ ಲಕ್ಷಣಮ್. ಲೋಹದ ತಟ್ಟೆ, ಅದರ ಮೇಲೆ ಮುದ್ರಿತ ಕಾಗದ, ಕಾಗದದ ಮೇಲೆ ಸೆಲ್ಯುಲಾಯ್ಡ್ ಪಟಲ, ಮೂರನ್ನೂ ಹಿಂಬದಿಯಲ್ಲಿ ಬಿಗಿಹಿಡಿಯುವ ಬಳೆ, ಬಳೆಯೊಳಗೆ ಪಿನ್ನು ಎಂಬ ಪಂಚಾಂಗಗಳಿಂದ ಕೂಡಿ, ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ಆಟಗಾರನ ಮುಖವನ್ನು ಹೊತ್ತು, ಎದೆಯ ಮೇಲೆ ಧರಿಸಲ್ಪಡುವ ಹಳೆಯ ಬಿಲ್ಲೆಯೇ ವಕ್ಷೋಬಿಂಬ. 'ಪಂಚಾಂಗ' ಎಂದುದರಿಂದ ಬರಿಯ ತಗಡಿನ ಮೇಲೆ ಅಚ್ಚೊತ್ತಿದ ಬಿಲ್ಲೆಗಳು ನಿವಾರಿತವಾದವು. 'ಆಟಗಾರ' ಎನ್ನದಿದ್ದರೆ ಅತಿವ್ಯಾಪ್ತಿದೋಷ ತಪ್ಪದು; ನೆವಾರ್ಕಿನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಈ ರಚನೆಗೆ ಪೇಟೆಂಟ್ ಪಡೆದ 1896ರಲ್ಲೇ ಮೆಕಿನ್ಲಿ, ಬ್ರಯನ್ ಎಂಬ ಚುನಾವಣಾ ಅಭ್ಯರ್ಥಿಗಳೂ ಇಂಥವೇ ಬಿಲ್ಲೆಗಳಲ್ಲಿ ಜನರ ಎದೆಯೇರಿದ್ದರು.

ಮೈನರ್ ಲೀಗುಗಳೇ ಒಂದು ಕಾಲಕ್ಕೆ ಎ, ಬಿ, ಸಿ, ಡಿ ಎಂದು ಶ್ರೇಣೀಕೃತವಾಗಿದ್ದುದು ಶಾಸ್ತ್ರಕಾರನಿಗೆ ಪರಮಾನುಕೂಲ. 1963ರಲ್ಲಿ ಕೆಳಗಿನ ಮೂರು ವರ್ಗಗಳನ್ನು ಕಿತ್ತೊಗೆದದ್ದು ಆಡಳಿತಕ್ಕೆ ಹಿತವೋ ಏನೋ, ಮೀಮಾಂಸೆಗೆ ಮಾತ್ರ ಅಹಿತ.

ಬಿಂಬವು ತ್ರಿವಿಧ. 1. ಉದಯಪೂರ್ವ: ಮೇಜರ್ ಲೀಗಿಗೆ ಏರಲಿರುವವನದು. ಸ್ಯಾನ್ ಫ್ರಾನ್ಸಿಸ್ಕೋ ಸೀಲ್ಸ್ ಪರ 1933ರಲ್ಲಿ ಸತತ 61 ಪಂದ್ಯಗಳಲ್ಲಿ ಹಿಟ್ ಗಳಿಸಿದ ಜೋ ಡಿಮ್ಯಾಜಿಯೊ ಈ ಕೋಟಿಯವನು. 2. ಅಸ್ತೋತ್ತರ: ಏರಿ, ಇಳಿದು ಬಂದವನದು. 3. ಅನುದಿತ: ಏರದೇ ಉಳಿದವನದು. ಮೊದಲೆರಡಕ್ಕೆ ಧನಿಕರಿದ್ದಾರೆ, ಅವನ್ನು ಬಿಡೋಣ. ಶಾಸ್ತ್ರದ ತಿರುಳಿರುವುದು ಅನುದಿತದಲ್ಲಿ.

ಅನುದಿತವು ಸನಾಮ, ಅನಾಮ ಎಂದು ದ್ವಿವಿಧ. ಅನಾಮದಲ್ಲಿ ಟೋಪಿಯ ಅಕ್ಷರವೇ ಗತಿ. ಅದು ಸ್ಪಷ್ಟಾಕ್ಷರ, ಛಾಯಾಗ್ರಸ್ತಾಕ್ಷರ, ಶ್ಲೇಷಾಕ್ಷರ ಎಂದು ಮೂರು ಬಗೆ. ಮೂರನೆಯದಕ್ಕೆ ಉದಾಹರಣೆ 'ಎಸ್'. 1940ರ ದಶಕದ ಪೆಸಿಫಿಕ್ ಕೋಸ್ಟ್ ಲೀಗಿನ ಎಂಟು ಊರುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಡಿಯೆಗೊ, ಸ್ಯಾಕ್ರಮೆಂಟೊ, ಸಿಯಾಟಲ್ ನಾಲ್ಕೂ ಅದೇ ಅಕ್ಷರದಿಂದ ಆರಂಭವಾಗುತ್ತವೆ. ಆದ್ದರಿಂದ 'ಎಸ್' ಕಂಡಮಾತ್ರಕ್ಕೆ ಅರ್ಧ ಲೀಗು ಸಿದ್ಧಿಸುತ್ತದೆ, ಆಟಗಾರನು ಸಿದ್ಧಿಸುವುದಿಲ್ಲ.

ಇನ್ನು ಕಲಂಕವಿಚಾರ. ಪಟಲದಡಿ ತೇವ ಹೊಕ್ಕರೆ ಲೋಹ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಮೂಡುತ್ತದೆ. ಸ್ಥಾನಭೇದದಿಂದ ಅದು ಗಗನಸ್ಥ, ವಸ್ತ್ರಸ್ಥ, ಮುಖಸ್ಥ. ಮುಖಸ್ಥದಲ್ಲಿ ಮಹಾಸಂಶಯ: ಗಲ್ಲದ ಮೇಲಿನ ಚುಕ್ಕೆ ಕಲಂಕವೋ, ಮಚ್ಚೆಯೋ? ಒದ್ದೆ ಬಟ್ಟೆಯಿಂದ ಒರೆಸಿ ನೋಡಬೇಕೆಂಬುದು ಪೂರ್ವಪಕ್ಷ. ಅದು ಅಗ್ರಾಹ್ಯ, ಪರೀಕ್ಷೆಯೇ ಪರೀಕ್ಷ್ಯವನ್ನು ಉತ್ಪಾದಿಸುತ್ತದೆ. ಕಲಂಕವು ವರ್ಧನಶೀಲ, ಬಿಂಬದ ಮಚ್ಚೆಯು ಸ್ಥಿರ. ಆದಕಾರಣ ಕೆಲವು ದಶಕಗಳ ನಿರೀಕ್ಷಣೆಯೇ ಪ್ರಮಾಣ. ನಿರೀಕ್ಷಕನು ಮಧ್ಯದಲ್ಲೇ ಗತಿಸಿದರೆ ಶಿಷ್ಯನು ಮುಂದುವರಿಸತಕ್ಕದ್ದು.

ಕೊನೆಗೊಂದು ಆಕ್ಷೇಪ. ಸಂಗ್ರಾಹಕನು ಬಿಲ್ಲೆಯನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ, ಹತ್ತಿಯ ಮೇಲೆ ಇಡುತ್ತಾನೆ, ಎದೆಗೆ ಚುಚ್ಚಿಕೊಳ್ಳುವುದಿಲ್ಲ. ಹಾಗಾದರೆ 'ಧರಿಸಲ್ಪಡುವ' ಎಂಬ ಲಕ್ಷಣಾಂಶವು ಸಂಗ್ರಹಗತ ಬಿಂಬಕ್ಕೆ ಅನ್ವಯಿಸದೆ, ಕೊಂಡೊಡನೆ ಅದು ವಕ್ಷೋಬಿಂಬತ್ವದಿಂದ ಚ್ಯುತವಾಗುವುದಲ್ಲವೇ? ಸತ್ಯ. ಪರಿಹಾರ: ವರ್ಷಕ್ಕೊಮ್ಮೆ ಬಾಗಿಲು ಹಾಕಿಕೊಂಡು ಒಂದೊಂದನ್ನೂ ಕ್ಷಣಕಾಲ ಧರಿಸತಕ್ಕದ್ದು. ಇದಕ್ಕೆ ಅಂಗಿಯೇ ಬೇಕೋ, ಬನಿಯನ್ ಸಾಲದೋ ಎಂಬುದನ್ನು ದ್ವಿತೀಯಾಧಿಕರಣದಲ್ಲಿ ವಿಚಾರಿಸಲಾಗುವುದು.