ಎಸ್ಸೆಸ್ಸೆಲ್ಸಿ ಪಾಸಾದವರನ್ನೂ ಕೊಂಚ ಕಾಪಾಡಿ

ಇವರಿಗೆ,
ಮಾನ್ಯ ವಲಸೆಗಾರರ ಸಂರಕ್ಷಕರು,
ವಿದೇಶಾಂಗ ಸಚಿವಾಲಯ, ಭಾರತ ಸರಕಾರ.

ಇವರಿಂದ,
ಅರ್ಜಿ ಬರೆಯುವವನು,
ಬಿ.ಸಿ.ರೋಡು, ಬಂಟ್ವಾಳ ತಾಲೂಕು.

ವಿಷಯ: ಹತ್ತನೇ ತರಗತಿ ಪಾಸು ಮಾಡಿದ ತಪ್ಪಿಗೆ ಮೂರು ತಾಲೂಕುಗಳ ಪರವಾಗಿ ಕ್ಷಮೆ ಕೋರಿ.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಬಿ.ಸಿ.ರೋಡಿನಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು ರೇಷನ್ ಕಾರ್ಡು, ಆರ್‌ಟಿಸಿ, ವಿಧವಾ ವೇತನದ ಅರ್ಜಿ ತುಂಬಿಸಿಕೊಡುವವನು. ನಡುನಡುವೆ ಪಾಸ್‌ಪೋರ್ಟಿನ ಅರ್ಜಿಯೂ ಬರುತ್ತದೆ. ಹೆಂಡತಿಯ ತವರು ಮೂಡುಬಿದಿರೆ, ಅಕ್ಕನನ್ನು ಕೊಟ್ಟದ್ದು ಬೆಳ್ತಂಗಡಿಗೆ. ಆದ್ದರಿಂದ ಮೂರು ತಾಲೂಕುಗಳ ಪರವಾಗಿ ಬರೆಯುವ ಅಧಿಕಾರ ಯಾರೂ ಕೊಡದೆಯೇ ನನಗೆ ಬಂದಿದೆ.

ತಮ್ಮಂಥ ಹುದ್ದೆಯೊಂದು ಇದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅರಣ್ಯ ಸಂರಕ್ಷಕರ ಹೆಸರು ಕೇಳಿದ್ದೆ. ಅವರ ಮರಗಳು ನಿಂತಲ್ಲೇ ನಿಂತಿರುತ್ತವೆ, ಕಾಯುವುದು ಸುಲಭ. ತಾವು ಕಾಯಬೇಕಾದವರೋ ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಹತ್ತಿ ಹಾರಿಹೋಗುವವರು. ಬ್ರಿಟಿಷರ 1922ರ ಕಾಯ್ದೆಯಲ್ಲೇ ತಮ್ಮ ಹುದ್ದೆ ಇತ್ತಂತೆ. 1983ರಲ್ಲಿ ನಮ್ಮದೇ ಕಾಯ್ದೆ ಬಂತು. ಅದು ಹಳತಾಯಿತೆಂದು 2019ರಲ್ಲಿ ಒಂದು ಕರಡು, 2021ರಲ್ಲಿ ಇನ್ನೊಂದು ಕರಡು ಬಂದವು. ನನ್ನ ಕಸುಬಿನಲ್ಲಿ ಕರಡೆಂದರೆ ಬೆಳಿಗ್ಗೆ ಗೀಚಿ ಸಂಜೆಯೊಳಗೆ ಶುದ್ಧಪ್ರತಿ ಮಾಡುವಂಥದ್ದು. ದೊಡ್ಡ ಕಚೇರಿಗಳಲ್ಲಿ ಸಂಜೆಯಾಗುವುದು ನಿಧಾನ.

ಇರಲಿ, ತಪ್ಪೊಪ್ಪಿಗೆಗೆ ಬರುತ್ತೇನೆ.

ತಮ್ಮ ನಿಯಮ ನನಗೆ ಅರ್ಥವಾದಂತೆ ಹೀಗಿದೆ. ಹತ್ತನೇ ತರಗತಿ ದಾಟದವನ ಪಾಸ್‌ಪೋರ್ಟು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು. ಅವನು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವುದಾದರೆ ತಮ್ಮ ಅನುಮತಿ ಬೇಕು. ಅವನ ಕೆಲಸದ ಕರಾರು ಇ-ಮೈಗ್ರೇಟ್ ಜಾಲತಾಣಕ್ಕೆ ಏರಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ನಮ್ಮ ಪೇಟೆಯಲ್ಲಿ ಇಬ್ಬರು ನೀರುದೋಸೆ, ಕೋಳಿ ಸುಕ್ಕ ತಿಂದು ಎದ್ದರೆ ಬರುವ ಬಿಲ್ಲಿಗೆ ಇಷ್ಟು ದೊಡ್ಡ ರಕ್ಷಣೆ! ವ್ಯಂಗ್ಯವಲ್ಲ, ಒಳ್ಳೆಯ ಯೋಜನೆ.

ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದಾವುದರ ಕಡ್ಡಾಯವೂ ಇಲ್ಲ. ಅವನದು ಇಸಿಎನ್‌ಆರ್, ತಪಾಸಣೆ ಬೇಡದ್ದು; ಅಂದರೆ ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲವನು. ತಿಂಗಳ ಸಂಬಳ ಬಾರದಿದ್ದರೆ ಅಂಕಪಟ್ಟಿ ತೆಗೆದು ತೋರಿಸಿದರಾಯಿತು: ಪ್ರಥಮ ಭಾಷೆ ಕನ್ನಡ, 125ಕ್ಕೆ 98. ಅಲ್ಲಿನ ಧಣಿ ಅರಬಾಬ್ ಗಡಗಡ ನಡುಗಿ, ಕಪಾಟಿನಲ್ಲಿ ಬೀಗ ಹಾಕಿಟ್ಟ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಡುತ್ತಾನೆ.

ಈಗ ನಮ್ಮ ಜಿಲ್ಲೆಯ ದುರದೃಷ್ಟ ನೋಡಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಪ್ರಥಮ, ನಾವು ದ್ವಿತೀಯ. 2025ರಲ್ಲಿ ದಕ್ಷಿಣ ಕನ್ನಡವೇ ಪ್ರಥಮ. ಪಟಾಕಿ ಹೊಡೆದೆವು, ಸನ್ಮಾನ ಮಾಡಿದೆವು. ಜಿಲ್ಲೆಗೆ ಜಿಲ್ಲೆಯೇ ತಮ್ಮ ಸಂರಕ್ಷಣೆಯಿಂದ ಹೊರಬೀಳುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಈ ಪಾಪಕ್ಕೆ ನಮ್ಮ ಮೇಷ್ಟ್ರುಗಳೇ ಹೊಣೆ. ಮೂಡುಬಿದಿರೆಯಲ್ಲಿ 18 ಬಸದಿಗಳಿವೆ ಎಂದು ಲೆಕ್ಕವಿದೆ, ಓದಲು ಬಂದವರ ಹಾಸ್ಟೆಲುಗಳನ್ನು ಎಣಿಸಿದವರಿಲ್ಲ.

ನನ್ನ ಅಕ್ಕನ ಮಗನೂ ಇಂಥದೇ ಅಪರಾಧಿ, ಸೆಕೆಂಡ್ ಕ್ಲಾಸಿನಲ್ಲಿ ಪಾಸು. ಏಜೆಂಟನೊಬ್ಬ 'ಸ್ಟೋರ್ ಕೀಪರ್ ಕೆಲಸ, ಎ.ಸಿ. ರೂಮು' ಎಂದ. ಅವನ ಜಗಲಿಯ ಒಂದೇ ಬೆಂಚಿನಲ್ಲಿ ಬ್ಯಾರಿ, ಬಿಲ್ಲವ, ಬಂಟ, ಕ್ರಿಶ್ಚಿಯನ್ ಪೊರ್ಬು ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ನಮ್ಮ ಶಾಂತಿ ಸಮಿತಿಗಳು ಇಷ್ಟು ವರ್ಷ ಸಭೆ ಮಾಡಿಯೂ ಆಗದ್ದು ಅಲ್ಲಿ ಆಗಿತ್ತು. ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಮುಟ್ಟಬಾರದೆಂದು ಸರಕಾರ ಹೇಳುತ್ತದೆ. ಈತ ತೆಗೆದುಕೊಂಡದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ರಶೀದಿ ಕೇಳಿದ್ದಕ್ಕೆ 'ನಂಬಿಕೆ ಇಲ್ವಾ ಅಣ್ಣ?' ಅಂದ. ಹಣ ಅಡಿಕೆ ಮಾರಿದ್ದು, ಉಳಿದದ್ದು ಅಕ್ಕನ ಕರಿಮಣಿ ಅಡವಿಟ್ಟದ್ದು.

ಕರಾರು ಅರೇಬಿಕ್‌ನಲ್ಲಿತ್ತು. ಹುಡುಗ ಓದಿದ ತೃತೀಯ ಭಾಷೆ ಹಿಂದಿ.

ಹುಡುಗ ಹೋಗಿ ತಿಂಗಳು ಕಳೆದ ಮೇಲೆ ಫೋನು ಬಂತು. 'ಸ್ಟೋರ್ ಇರುವುದು ನಿಜ ಮಾವ, ಅದರಿಂದ ಸಿಮೆಂಟ್ ಹೊರುವ ಕೆಲಸ ನನ್ನದು.' ಮುಂದೆ ಮೂರು ತಿಂಗಳಾದರೂ ಸಂಬಳವಿಲ್ಲ. ನಾನು ಹುಟ್ಟಿದಂದಿನಿಂದ ಬರೆಯದಷ್ಟು ಚಂದದ ಅರ್ಜಿಗಳನ್ನು ಬರೆದೆ. ಒಂದು ಕಚೇರಿಯವರು ನೋಂದಣಿ ಸಂಖ್ಯೆ ಕೇಳಿದರು. ಇಸಿಎನ್‌ಆರ್‌ನವನಿಗೆ ಎಲ್ಲಿಯ ನೋಂದಣಿ? ಅವನು ದಾಖಲೆಯಲ್ಲಿ ಹೋಗಿಯೇ ಇರಲಿಲ್ಲ, ಆದ್ದರಿಂದ ಸಿಕ್ಕಿಬಿದ್ದಿರುವ ಪ್ರಶ್ನೆಯೂ ಬರುವುದಿಲ್ಲ. ಕೊನೆಗೆ ಅವನ ಟಿಕೇಟಿಗೆ ದುಡ್ಡು ಕೂಡಿಸಿದ್ದು ಮೆಸ್ಸಿನ ಮಲಯಾಳಿ ಮತ್ತು ಉಳ್ಳಾಲದ ಕಡೆಯ ನಾಲ್ಕು ಜನ ಡ್ರೈವರುಗಳು.

2019ರಲ್ಲಿ ಮಂಗಳೂರು ಕಡೆಯ 35 ಹುಡುಗರು ಕುವೈತ್‌ನಲ್ಲಿ ಊಟಕ್ಕೂ ಗತಿಯಿಲ್ಲದೆ ಕೂತದ್ದು ತಮಗೆ ನೆನಪಿರಬಹುದು. ಅವರು ಬುದ್ಧಿವಂತರು, ಅರ್ಜಿ ಬರೆಯಲಿಲ್ಲ, ವಿಡಿಯೋ ಮಾಡಿ ಊರಿಗೆ ಕಳಿಸಿದರು. ಅದು ಹರಡಿದ ಮೇಲೆ ಶಾಸಕರು, ರಾಯಭಾರ ಕಚೇರಿ ಎಲ್ಲ ಎದ್ದು ಕೂತರು. ಆವತ್ತಿನಿಂದ ನಮ್ಮಲ್ಲಿ ಗಲ್ಫಿಗೆ ಹೊರಟವನ ಚೀಲಕ್ಕೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ತುಂಬಿಸುವಾಗ ಹಿರಿಯರು 'ಫೋನಿನ ಚಾರ್ಜರ್ ಮರೆಯಬೇಡ' ಎಂದೂ ಹೇಳುತ್ತಾರೆ. ನನ್ನ ಕಸುಬಿಗೆ ಕಲ್ಲು ಬಿತ್ತು.

ಹೆಂಗಸರ ವಿಷಯದಲ್ಲಿ ತಾವು ಇನ್ನೂ ಜಾಗ್ರತೆ. ಮನೆಗೆಲಸಕ್ಕೆ ಹೋಗುವ ಇಸಿಆರ್ ಮಹಿಳೆಗೆ 30 ತುಂಬಿರಬೇಕು. ಏಜೆಂಟರ ಪಂಚಾಂಗದಲ್ಲಿ ವಿಸಿಟ್ ವೀಸಾಕ್ಕೆ ವಯಸ್ಸಿಲ್ಲ.

ನಮ್ಮ ಬಂಟ್ವಾಳ ತಾಲೂಕಿನ ಕನ್ಯಾನ, ಕರೋಪಾಡಿ ದಾಟಿದರೆ ಕೇರಳ. ಆಚೆಯವನೂ ಈಚೆಯವನೂ ಒಂದೇ ಸಂತೆಯಲ್ಲಿ ಮೀನು ಕೊಳ್ಳುತ್ತಾರೆ, ಬಜ್ಪೆಯಲ್ಲಿ ಒಂದೇ ವಿಮಾನ ಹತ್ತುತ್ತಾರೆ, ಅಲ್ಲಿ ಒಂದೇ ಕೋಣೆಯ ಮೇಲಿನ ಮತ್ತು ಕೆಳಗಿನ ಮಂಚದಲ್ಲಿ ಮಲಗುತ್ತಾರೆ. ಆಚೆಯವನಿಗೆ 1996ರಿಂದ ನೋರ್ಕಾ ಎಂಬ ಇಲಾಖೆಯೇ ಇದೆ. ಕ್ಷೇಮನಿಧಿಗೆ ವಂತಿಗೆ ಕಟ್ಟುತ್ತ ಬಂದಿದ್ದರೆ 60ಕ್ಕೆ ಪಿಂಚಣಿ. ಈಚೆಯವನಿಗೆ ಅನಿವಾಸಿ ಭಾರತೀಯ ಸಮಿತಿ ಇದೆ. ಇಲಾಖೆಗೂ ಸಮಿತಿಗೂ ಏನು ವ್ಯತ್ಯಾಸವೆಂದು ಅಕ್ಕ ಕೇಳಿದಳು. ಮದುವೆಗೂ ನಿಶ್ಚಿತಾರ್ಥಕ್ಕೂ ಇರುವಷ್ಟು ಎಂದೆ.

ಓಟು ಕೊಡಿಸಿದ್ದೇವಲ್ಲ ಎಂದು ತಾವು ಹೇಳಬಹುದು. 2010ರ ತಿದ್ದುಪಡಿ ಹೊರದೇಶದಲ್ಲಿರುವವನಿಗೂ ಮತದ ಹಕ್ಕು ಕೊಟ್ಟಿತು ನಿಜ. ಆದರೆ ಹಾಕಬೇಕಾದದ್ದು ಊರಿನ ಬೂತಿಗೇ ಬಂದು. ರಿಯಾದಿನಲ್ಲಿ ಪೈಂಟಿಂಗ್ ಕೆಲಸದವನು ಎರಡು ತಿಂಗಳ ಸಂಬಳ ಸುರಿದು ಗುರುವಾಯನಕೆರೆಗೆ ಬಂದು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದು ಪ್ರಜಾಪ್ರಭುತ್ವಕ್ಕೆ ಶೋಭೆ, ಅವನ ಹೆಂಡತಿಗೆ ಮಾತ್ರ ಸಿಟ್ಟು. ಕೋವಿಡ್ ಕಾಲದಲ್ಲಿ, 2020ರ ಮೇ 12ರಂದು, ಹೊರದೇಶದಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ಕಾರ್ಯಾಚರಣೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಇಳಿದಾಗ ನಾವು ಟಿ.ವಿ. ಮುಂದೆ ಚಪ್ಪಾಳೆ ತಟ್ಟಿದೆವು. ಕೆಲಸ ಕಳೆದುಕೊಂಡು ಬಂದವರೂ ಟಿಕೇಟಿನ ದುಡ್ಡು ತಾವೇ ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು.

ಜನವರಿ 9ರ ಪ್ರವಾಸಿ ಭಾರತೀಯ ದಿವಸದ ಬಗ್ಗೆಯೂ ಒಂದು ಮಾತು. 2017ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. 1915ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾ ಬಿಟ್ಟು ತಾಯ್ನಾಡಿಗೆ ಮರಳಿದ ದಿನವಂತೆ ಅದು. ಸರಿಯಾದ ಆಯ್ಕೆ. 1893ರಲ್ಲಿ ಅವರು ಹೋದದ್ದೂ ವ್ಯಾಪಾರಿಯೊಬ್ಬರ ಕೆಲಸಕ್ಕೆ, ಒಂದು ವರ್ಷದ ಕರಾರಿನ ಮೇಲೆ, ನಮ್ಮ ಹುಡುಗರ ಹಾಗೆಯೇ. ಮೆಟ್ರಿಕ್ ಪಾಸಾಗಿತ್ತು, ಮೇಲೆ ಬ್ಯಾರಿಸ್ಟರ್ ಪದವಿ. ತಮ್ಮ ಲೆಕ್ಕದಲ್ಲಿ ಅಪ್ಪಟ ಇಸಿಎನ್‌ಆರ್. ಆದರೂ ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ ಗಂಟುಮೂಟೆ ಸಮೇತ ರೈಲಿನಿಂದ ದಬ್ಬಿದರು. ಅಂಕಪಟ್ಟಿ ಜತೆಗೆ ಒಯ್ದಿರಲಿಲ್ಲವೇನೋ.

ಈಗ ನನ್ನ ಸ್ವಂತದ ಬೇಡಿಕೆ. ನನ್ನ ಮಗ ಈ ಸಲ ಹತ್ತನೇ ತರಗತಿ, ಗಣಿತದಲ್ಲಿ ಗಟ್ಟಿ. ಮುಂದೆಂದಾದರೂ ಅವನು ಆ ಕಡೆ ಹೊರಟರೆ ತಮ್ಮ ನೆರಳು ಅವನ ಮೇಲಿರಲೆಂದು ಒಂದೇ ಒಂದು ವಿಷಯದಲ್ಲಿ ಫೇಲಾಗಲು ಹೇಳಲೇ? ಅದೂ ಈಗ ಸುಲಭವಿಲ್ಲ. ಪರೀಕ್ಷೆ-1, ಪರೀಕ್ಷೆ-2 ಎಂದು ಮತ್ತೆ ಮತ್ತೆ ಬರೆಸಿ ಹೇಗಾದರೂ ದಾಟಿಸುತ್ತಾರೆ. ಎಲ್ಲದರಲ್ಲೂ ಫೇಲಾಗಲು ವಿಶೇಷ ತರಬೇತಿ ಬೇಕಾದೀತು. ಹಾಲ್ ಟಿಕೆಟ್ ಬರುವ ಮೊದಲು ತಿಳಿಸಿದರೆ ಉಪಕಾರ.

ಇತಿ ತಮ್ಮ ವಿಶ್ವಾಸಿ,
ಅರ್ಜಿ ಬರೆಯುವವನು

ವಿ.ಸೂ.: ಅಕ್ಕನ ಮಗ ಮೊನ್ನೆ ಮತ್ತೆ ಬಂದಿದ್ದ. ಈ ಸಲ ಒಮಾನ್ ಅಂತೆ. ಬಯೋಡಾಟಾ ನಾನೇ ಬರೆದುಕೊಟ್ಟೆ. 'ವಿದ್ಯಾರ್ಹತೆ' ಎಂಬಲ್ಲಿ ಪೆನ್ನು ನಿಂತಿತು. 'ಏನಂತ ಬರೆಯಲಿ ಮಾರಾಯ?' ಎಂದೆ. 'ಪಾಸು ಅಂತಲೇ ಬರೀರಿ ಮಾವ. ಅಮ್ಮ ಬೀಡಿ ಕಟ್ಟಿ ಓದಿಸಿದ್ದಲ್ವಾ' ಎಂದ.