ಭಾವಿ ಮೇಯರ್

ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಕೂರುವುದು ಅವರ ಕುರ್ಚಿಯ ಮೇಲೆಯೇ. ಶಾಮಿಯಾನದ ಅಂಗಡಿ ಅವರದು. ಪ್ರತಿ ಕುರ್ಚಿಯ ಬೆನ್ನಿಗೂ ಅವರ ಹೆಸರು. ಅದರ ಕೆಳಗೆ ಮೊದಲು 'ಪ್ರೊಪ್ರೈಟರ್' ಎಂದಿತ್ತು, ಆಮೇಲೆ 'ಸಮಾಜ ಸೇವಕರು' ಆಯಿತು, ಈಚಿನ ಲಾಟಿನಲ್ಲಿ 'ಭಾವಿ ಮೇಯರ್' ಎಂದು ಬಂದಿದೆ. ಬೇಸಿಗೆಯಲ್ಲಿ ಪೇಂಟು ಕೊಂಚ ಬಿಡುತ್ತದೆ. ಬಿಳಿ ಅಂಗಿ ತೊಟ್ಟು ಒರಗಿ ಕೂತವರು ಏಳುವ ಹೊತ್ತಿಗೆ ತಾವೇ ಭಾವಿ ಮೇಯರ್ ಆಗಿರುತ್ತಾರೆ, ಅಕ್ಷರ ಮಾತ್ರ ಉಲ್ಟಾ.

ಅವರ ಸೇವೆ ಸುಳ್ಳೆಂದು ಹೇಳಿದರೆ ನಾಲಗೆ ಬಿದ್ದುಹೋದೀತು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ದೊನ್ನೆ ತುಂಬ ಬಿಸಿಬೇಳೆ ಬಾತು ಬಡಿಸುತ್ತಾರೆ. ರಕ್ತದಾನ ಶಿಬಿರಕ್ಕೆ ಮಂಚ ಪುಕ್ಕಟೆ. ಸಾವಾದ ಮನೆಗೆ ಕೇಳುವ ಮೊದಲೇ ಐಸ್ ಪೆಟ್ಟಿಗೆ, ಅರವತ್ತು ಕುರ್ಚಿ ಬಂದಿಳಿಯುತ್ತವೆ. ಬಾಡಿಗೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ಹೆಣ ಎತ್ತುತ್ತಿದ್ದಂತೆ ಕುರ್ಚಿ ಎಣಿಸುತ್ತಾರೆ. ಐವತ್ತೆಂಟೇ ಸಿಕ್ಕ ದಿನ ಅವರ ಕಣ್ಣಲ್ಲಿ ಕಂಡ ನೀರು ಮನೆಯವರ ಕಣ್ಣಲ್ಲೂ ಇರಲಿಲ್ಲ.

ಮೇಯರ್ ಆಗುವ ದಾರಿ ಅವರಿಗೆ ಬಾಯಿಪಾಠ. ಜನ ನೇರ ಓಟು ಹಾಕಿ ಮಾಡುವ ಪದವಿಯಲ್ಲವಲ್ಲ ಅದು. ಮೊದಲು ಯಾವುದಾದರೂ ಒಂದು ವಾರ್ಡಿನಲ್ಲಿ ಗೆಲ್ಲಬೇಕು. ಆಮೇಲೆ ಮೀಸಲಾತಿ ಪಟ್ಟಿ ಒಲಿಯಬೇಕು. ಆಮೇಲೆ ಕಾರ್ಪೊರೇಟರುಗಳ ಜೊತೆಗೆ ಶಾಸಕರು, ಸಂಸದರೂ ಕೈ ಎತ್ತಬೇಕು. ಇಷ್ಟೆಲ್ಲ ಒದ್ದಾಡಿದರೆ ನಾವು ಕಂಡಂತೆ ಸಿಕ್ಕುತ್ತಿದ್ದುದು ಒಂದು ವರ್ಷ. ಹಾಕಿದ ಹಾರ ತೆಗೆದಿಡುವುದಕ್ಕೇ ಸಾಲದು.

"ಒಂದು ವರ್ಸ ಸಾಕು ಸಾ," ಅಂದರು ಅವರು. "ಅದರಲ್ಲೊಂದು ದಸರಾ ಬತ್ತದಲ್ಲ!"

ಗುಟ್ಟು ಹೊರಬಿದ್ದದ್ದು ಆಗ. ಜಂಬೂಸವಾರಿಯಲ್ಲಿ ಮೇಯರ್ ಪೇಟ ತೊಟ್ಟು ಕುದುರೆ ಏರಿ ಹೋಗುವುದು ನಮ್ಮೂರ ವಾಡಿಕೆ. ಒಳಚರಂಡಿ, ಕಂದಾಯ, ಕಸ, ಯಾವುದೂ ಅವರ ಕನಸಲ್ಲಿ ಬಂದಿಲ್ಲ. ಬಂದಿರುವುದು ಕುದುರೆ. ಆಯ್ಕೆಯಾದ ಮೇಯರ್‌ಗಳಿಗೆ ಅಶ್ವಾರೋಹಿ ಪೊಲೀಸರೇ ಸವಾರಿ ಕಲಿಸುತ್ತಾರೆ. ಇವರಿಗೆ ಅಷ್ಟು ತಾಳ್ಮೆ ಎಲ್ಲಿ? ಟಾಂಗಾದವನೊಬ್ಬನ ಮಗಳ ಮದುವೆಗೆ ಪುಕ್ಕಟೆ ಚಪ್ಪರ ಹಾಕಿಸಿಕೊಟ್ಟು, ಬದಲಿಗೆ ಅವನ ಕುದುರೆಯನ್ನು ಬೆಳಗಿನ ಐದು ಗಂಟೆಗೆ ದೊಡ್ಡಕೆರೆ ಮೈದಾನಕ್ಕೆ ತರಿಸಿಕೊಂಡರು. ಏರಲು ಏಣಿ ಬೇಡ, ಮೂರು ಕುರ್ಚಿ ಒಂದರ ಮೇಲೊಂದು ಇಟ್ಟರಾಯಿತು. ಹತ್ತಿದರು. ಎಷ್ಟಾದರೂ ಟಾಂಗಾ ಕುದುರೆ. ಅದಕ್ಕೆ ಗೊತ್ತಿರುವ ದಾರಿ ಒಂದೇ. ನೆಟ್ಟಗೆ ಹೋಗಿ ಮೃಗಾಲಯದ ಗೇಟಿನ ಮುಂದೆ ನಿಂತಿತು. ಗಿರಾಕಿ ಇಳಿಯುವ ತನಕ ಅದು ಕದಲುವುದಿಲ್ಲ. ವಾಕಿಂಗ್ ಬಂದವರಿಗೆಲ್ಲ ಭಾವಿ ಮೇಯರ್ ಮೇಲಿಂದಲೇ ಕೈಮುಗಿಯುತ್ತ ಮುಕ್ಕಾಲು ಗಂಟೆ ಕಳೆದರು. ಅದೂ ಒಂದು ಪ್ರಚಾರವೇ ಅನ್ನಿ.

2023ರ ನವೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತರು. ಚುನಾವಣೆ ಇವತ್ತು, ನಾಳೆ ಎನ್ನುತ್ತ ದಸರೆಗಳು ದಾಟಿದವು. ಹಬ್ಬಕ್ಕೊಂದು ಫ್ಲೆಕ್ಸ್ ಕಟ್ಟಿಸಿ ಇವರ ಗಲ್ಲಾಪೆಟ್ಟಿಗೆ ಹಗುರಾಯಿತು, ಸೊಂಟ ಮಾತ್ರ ಆಗಲಿಲ್ಲ. ಈ ನಡುವೆ, ವಾರ್ಡು ಮಹಿಳೆಯರಿಗೆ ಹೋಗುತ್ತದಂತೆ ಎಂದು ಯಾರೋ ಊದಿದರು. ಇವರು ಒಂದು ರಾತ್ರಿ ನಿದ್ದೆಗೆಟ್ಟು, ಮಾರನೆ ಬೆಳಗ್ಗೆ ಹೆಂಡತಿಯನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಕರೆದುಕೊಂಡು ಹೋದರು. ಮೂವತ್ತು ವರ್ಷ ಅಂಗಡಿಯ ಲೆಕ್ಕ, ಆಳು, ಗಂಡ, ಮೂರನ್ನೂ ಸಂಭಾಳಿಸಿದ ಹೆಂಗಸು. ಸೆರಗು ಸಿಕ್ಕಿಸಿ ಹತ್ತಿ ಕೂತು, "ನಡಿಯಪ್ಪ, ಹಾಲು ಒಲೆ ಮೇಲಿದೆ," ಅಂದರಂತೆ. ಕುದುರೆ ಮೃಗಾಲಯದ ಗೇಟಿನತ್ತ ತಿರುಗಿಯೂ ನೋಡಲಿಲ್ಲ.

ಮೊನ್ನೆ ಹೊಸ ಕುರ್ಚಿಗಳು ಬಂದಿವೆ. ಪೇಂಟರಿಗೆ, "ಭಾವಿ ಮೇಯರ್ ಅಂತ ದೊಡ್ಡದಾಗಿ ಬರಿ, ಹೆಸರಿನ ಜಾಗ ಸದ್ಯಕ್ಕೆ ಖಾಲಿ ಬಿಡು," ಎಂದಿದ್ದಾರೆ.